ನನ್ನ ದೋಣಿಯನ್ನು ಕೊಂಡ ಮಾನ್ಯ ಮಾಲೀಕರಿಗೆ



ಪರ್ಸೀನ್ ಬೋಟಿನ ಮಾಲೀಕರಾದ ತಮಗೆ ಈ ಕಾಗದ ಬರೆಯಲು ಕೂತಿದ್ದೇನೆ. ತಮ್ಮ ಹೆಸರನ್ನು ಇದರಲ್ಲಿ ಎಲ್ಲಿಯೂ ಬರೆದಿಲ್ಲ. ಮಂಗಳೂರಿನಿಂದ ಕಾರವಾರದವರೆಗೆ ಸುಮಾರು 320 ಕಿಲೋಮೀಟರ್ ಉದ್ದದ ನಮ್ಮ ಕರಾವಳಿಯಲ್ಲಿ ರಾತ್ರಿ ದೀಪ ಹಚ್ಚಿ ಮೀನು ಹಿಡಿಯುವವರು ತಾವೊಬ್ಬರೇ ಅಲ್ಲವಲ್ಲ. ತಮ್ಮ ಮನೆಯ ಬಾಗಿಲಿಗೇ ಬಂದು ಹೇಳಿದ್ದರೆ ಅದು ನಮ್ಮಿಬ್ಬರ ಮಾತಾಗಿ ಅಲ್ಲೇ ಮುಗಿಯುತ್ತಿತ್ತು. ತಮ್ಮಂಥ ಎಲ್ಲ ಮಾಲೀಕರ ಕಿವಿಗೂ ಬೀಳಲಿ ಎಂದು ಹೀಗೆ ನಾಲ್ಕು ಜನರೆದುರು ಬರೆಯುತ್ತಿದ್ದೇನೆ. ಧಾರ್ಷ್ಟ್ಯವಾಯಿತು ಎನಿಸಿದರೆ ಹಿರಿಯನೆಂದು ಮನ್ನಿಸಬೇಕು. ನನಗೀಗ 64 ವರ್ಷ. ಅದರಲ್ಲಿ ಐವತ್ತು ವರ್ಷ ಗಂಗೊಳ್ಳಿಯ ಅಳಿವೆಯ ಆಚೆಗೇ ಕಳೆದಿದ್ದೇನೆ.

ಮೊದಲು ಉಪಕಾರ ಸ್ಮರಣೆ. ಕಳೆದ ಮಾರ್ಚಿನಲ್ಲಿ ತಾವು ನಮ್ಮ ಮನೆಗೆ ಬಂದಿರಿ. ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟಿರಿ, ನನ್ನ ಹೆಂಡತಿ ಕೊಟ್ಟ ಬೆಲ್ಲ ನೀರು ಕುಡಿದಿರಿ, ಗೋಡೆಯ ಮೇಲಿನ ನನ್ನ ಅಪ್ಪಯ್ಯನ ಪಟಕ್ಕೆ ಕೈ ಮುಗಿದಿರಿ. ದೋಣಿ, ಇಂಜಿನ್, ಬಲೆ ಎಲ್ಲ ಸೇರಿ 1,85,000 ರೂಪಾಯಿ ಎಂದೆ. ತಾವು ಒಂದು ರೂಪಾಯಿ ಕಡಿಮೆ ಮಾಡಿ ಎನ್ನಲಿಲ್ಲ. ಅದಕ್ಕೆ ಒಂದು ವಾರ ಮುಂಚೆ ಬಂದಿದ್ದ ದಲ್ಲಾಳಿಯೊಬ್ಬ ದೋಣಿಯ ಹೊಟ್ಟೆಗೆ ಕಾಲಿನಿಂದ ತಟ್ಟಿ, "ಸೌದೆಗೆ ಆತ್ತ್" ಎಂದು ಹೇಳಿ ಹೋಗಿದ್ದ. ತಾವು ಬಾಗಿ, ಅಂಗೈಯಿಂದ ತಟ್ಟಿ, ಹಲಗೆಯ ಸದ್ದು ಕೇಳಿದಿರಿ. ಆ ತಟ್ಟುವಿಕೆಯಲ್ಲೇ ನನ್ನ ಮನಸ್ಸು ಕರಗಿತು. ದೋಣಿಯ ಕುಲದವರ ಕೈಗೇ ದೋಣಿ ಹೋಗುತ್ತಿದೆ ಎಂದುಕೊಂಡೆ. ಅಲ್ಲೇ 1,45,000 ಎಣಿಸಿ ಕೊಟ್ಟಿರಿ, ಕಾಗದಪತ್ರ ವರ್ಗವಾದ ಮೇಲೆ ಉಳಿದ 40,000 ಎಂದು ಮಾತಾಯಿತು. ಕಡಲ ದೈವ ಬೊಬ್ಬರ್ಯನಿಗೆ ಕಾಯಿ ಒಡೆದು, ದೋಣಿಯ ಹಗ್ಗವನ್ನು ತಮ್ಮ ಕೈಗಿಟ್ಟೆ.

ಒಂದು ಮಾತು ಮಾತ್ರ ಉಳಿದುಹೋಯಿತು. "ಯಾಕೆ ಮಾರುತ್ತಿದ್ದೀರಿ?" ಎಂದು ತಾವು ಕೇಳಲಿಲ್ಲ. ದೋಣಿ ಮಾರುವವನನ್ನು ಹಾಗೆ ಕೇಳಬಾರದೆಂಬ ಸೌಜನ್ಯ ತಮ್ಮದು, ಬಲ್ಲೆ. ಕೇಳಿದ್ದರೆ ಹೇಳುತ್ತಿದ್ದೆ. "ಯಾಕೆ ಕೊಳ್ಳುತ್ತಿದ್ದೀರಿ?" ಎಂದು ನಾನೂ ಕೇಳಲಿಲ್ಲ. ಎಪ್ಪತ್ತಡಿಯ ಬೋಟಿನ ಮಾಲೀಕರಿಗೆ ಇಪ್ಪತ್ತೆಂಟು ಅಡಿಯ ಮರದ ದೋಣಿ ಯಾಕೆ ಬೇಕು ಎಂಬುದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆ ತಪ್ಪು ನನ್ನದು, ತಮ್ಮ ಮೇಲೆ ಹೊರಿಸುವುದಿಲ್ಲ.

ತಾವು ಕೊಂಡದ್ದು ಏನನ್ನು ಎಂಬುದನ್ನು ಅರಿಕೆ ಮಾಡಿಕೊಳ್ಳಲು ಅಪ್ಪಣೆಯಾಗಬೇಕು. ಅವಳ ಹೆಸರು ಜಲಜಾಕ್ಷಿ. ನನ್ನ ಅಜ್ಜಿಯ ಹೆಸರು ಅದು. 1994ರ ಚಳಿಗಾಲದಲ್ಲಿ ನಮ್ಮ ಹಿತ್ತಲಿನ ತೆಂಗಿನ ಮರಗಳ ಕೆಳಗೆ ಅವಳನ್ನು ಕಟ್ಟಿದೆವು. ಹಲಗೆಯೆಲ್ಲ ಹೆಬ್ಬಲಸು. ಉಪ್ಪುನೀರಿಗೆ ಅಷ್ಟು ಸುಲಭಕ್ಕೆ ಸೋಲದ ಮರ ಅದು. ದೋಣಿ ಕಟ್ಟಿದ ಆಚಾರ್ರ ಕೈಯಲ್ಲಿ ನಕ್ಷೆ ಇರಲಿಲ್ಲ. ಗಂಟು ಹಾಕಿದ ಒಂದು ಹುರಿ, ಒಂದು ಸೀಸದ ಕಡ್ಡಿ, ಇನ್ನು ಅವರ ಕಣ್ಣು, ಅಷ್ಟೇ. ಹಲಗೆಯನ್ನು ಬೆಂಕಿಯ ಬಿಸಿಗೆ ಹಿಡಿದು ಬಾಗಿಸುವಾಗ ಅವರು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಸಂದುಗಳಿಗೆ ಹತ್ತಿ ತುರುಕಿ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು ಒಣಗಿಸಿದೆವು. ಆ ಎಣ್ಣೆ ತಾಗಿ ನನ್ನ ಅಪ್ಪಯ್ಯನ ಮುಂಗೈಯ ಚರ್ಮ ಸುಟ್ಟು ಕಪ್ಪಾಯಿತು. ಆ ಕಲೆ ಅವರು ಸಾಯುವವರೆಗೂ ಇತ್ತು.

ನೀರಿಗಿಳಿಸುವ ದಿನ ನಾವು ಯಾರನ್ನೂ ಕರೆದಿರಲಿಲ್ಲ. ಕರೆಯುವ ಪದ್ಧತಿಯೇ ಇರಲಿಲ್ಲ. ಹೊಸ ದೋಣಿ ಇಳಿಯುತ್ತದೆ ಎಂದರೆ ದಂಡೆಯ ಎಲ್ಲ ದೋಣಿಯವರೂ ಭುಜ ಕೊಡಬೇಕು, ಅಷ್ಟೇ. ಹಿಂದಿನ ದಿನ ಬಲೆಯ ಜಾಗಕ್ಕಾಗಿ ನನ್ನ ಅಪ್ಪಯ್ಯನೊಂದಿಗೆ ಕೈಕೈ ಮಿಲಾಯಿಸಿದವರೂ ಬಂದು ಭುಜ ಕೊಟ್ಟರು. ಐಲೇಸಾ ಹಾಕುತ್ತಾ ಮರಳಿನ ಮೇಲೆ ಅಡ್ಡಮರಗಳ ಮೇಲೆ ಉರುಳಿಸಿಕೊಂಡು ಹೋಗಿ ನೀರಿಗೆ ಬಿಟ್ಟಾಗ ಅವಳು ಒಮ್ಮೆ ಎಡಕ್ಕೆ ವಾಲಿ, ನೆಟ್ಟಗೆ ನಿಂತಳು. ಆ ಮೂವತ್ತು ಭುಜಗಳಲ್ಲಿ ಒಂದು ತಮ್ಮ ತೀರ್ಥರೂಪರದ್ದು.

ತಮ್ಮ ತೀರ್ಥರೂಪರ ಋಣದ ಬಗ್ಗೆ ಬರೆಯದೆ ಈ ಕಾಗದ ಮುಂದೆ ಹೋಗುವುದಿಲ್ಲ. 1998ರ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅಳಿವೆಯ ಹೊರಗೆ ನನ್ನ ಇಂಜಿನ್ ನಿಂತಿತು. ನಮ್ಮ ಔಟ್‌ಬೋರ್ಡ್ ಇಂಜಿನ್ನುಗಳ ಗುಣ ತಮಗೆ ಗೊತ್ತು: ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಸೀಮೆಎಣ್ಣೆಯಲ್ಲಿ ನೀರು ಸೇರಿದ್ದರೆ ನಡುಗಡಲಿನಲ್ಲಿ ಕೈಕೊಡುತ್ತದೆ. ಐದು ಹೊಳೆಗಳು ಒಟ್ಟಾಗಿ ಬಂದು ಕಡಲು ಸೇರುವ ಜಾಗ ನಮ್ಮದು. ಮಳೆಯ ನೀರು ಹೊರಗೆ ನುಗ್ಗುತ್ತಿತ್ತು, ಪಡುಗಾಳಿ ಒಳಗೆ ತಳ್ಳುತ್ತಿತ್ತು, ನಡುವೆ ಮರಳದಿಬ್ಬದ ಮೇಲೆ ಅಲೆ ಬಿಳಿಯಾಗಿ ಒಡೆಯುತ್ತಿತ್ತು. ಲಂಗರು ಹಿಡಿಯಲಿಲ್ಲ. ನಾವು ನಾಲ್ಕು ಜನ ಹುಟ್ಟು ಹಾಕುತ್ತಾ ಆ ಬಿಳಿಯ ಕಡೆಗೇ ಸರಿಯುತ್ತಿದ್ದೆವು.

ತಮ್ಮ ತಂದೆಯವರ ದೋಣಿ ತುಂಬ ಬಂಗುಡೆ ಇತ್ತು. ಏಲಂ ಮುಗಿಯುವುದರೊಳಗೆ ದಂಡೆ ಸೇರುವ ಆತುರದಲ್ಲಿ ಅವರು ನಮ್ಮನ್ನು ದಾಟಿ ಹೋಗಿದ್ದರು. ನಾನು ಹುಟ್ಟನ್ನು ನೆಟ್ಟಗೆ ಎತ್ತಿ ಅದಕ್ಕೆ ಅಂಗಿ ಕಟ್ಟಿದೆ. ಅವರು ತಿರುಗಿ ಬಂದರು. "ಹ್ವಾಯ್, ಹಗ್ಗ ಹಿಡ್ಕಣಿ" ಎಂದು ಎಸೆದರು. ಎರಡೂವರೆ ಗಂಟೆ ಎಳೆದರು. ದಕ್ಕೆ ಸೇರುವಾಗ ಏಲಂ ಮುಗಿದಿತ್ತು, ಅವರ ಮೀನು ಅರ್ಧ ಬೆಲೆಗೆ ಹೋಯಿತು. ಮಾರನೆಯ ದಿನ ಸೀಮೆಎಣ್ಣೆಯ ಕ್ಯಾನನ್ನೂ ಸ್ವಲ್ಪ ಹಣವನ್ನೂ ಹಿಡಿದು ಅವರ ಮನೆಗೆ ಹೋದೆ. "ದುಡ್ಡ್ ಎಂತಕೆ ಮಾರಾಯಾ? ನಾಳೆ ನಂದ್ ನಿತ್ರೆ ನೀನ್ ಎಳೂದಿಲ್ಯಾ?" ಎಂದರು. ಕ್ಯಾನನ್ನೂ ವಾಪಸು ಕಳಿಸಿದರು.

ಅಂದು ಅವರ ದೋಣಿಯಲ್ಲಿ ಕತ್ತರಿಸಿದ ಡಬ್ಬಿ ಹಿಡಿದು ನೀರು ತೋಡುತ್ತಿದ್ದ ಹನ್ನೆರಡು ವರ್ಷದ ಹುಡುಗ ತಾವು. ನಮ್ಮ ಕಡೆಗೇ ನೋಡುತ್ತಿದ್ದಿರಿ. ನೆನಪಿರಬಹುದು.

ಆ ಮರ್ಯಾದೆಯನ್ನು ತಾವೂ ಬಿಟ್ಟಿಲ್ಲ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಡಿಸೆಂಬರಿನ ರಾತ್ರಿ ಯಾವುದೋ ದೊಡ್ಡ ಬೋಟಿನ ಪ್ರೊಪೆಲ್ಲರಿಗೆ ಸಿಕ್ಕಿ ನನ್ನ ಬಲೆ ಹರಿದು, ಇಂಜಿನ್ನಿಗೂ ಪೆಟ್ಟಾದಾಗ, ಫೋನು ಮಾಡಿದ ಅರ್ಧ ಗಂಟೆಗೆ ಬಂದು ಹಗ್ಗ ಕೊಟ್ಟವರು ತಾವು. ದಾರಿಯುದ್ದಕ್ಕೂ ನನ್ನ ಹುಡುಗರಿಗೆ ತಮ್ಮ ಬೋಟಿನಲ್ಲಿ ಬಿಸಿ ಗಂಜಿ, ಹುರಿದ ಮೀನು ಕೊಡಿಸಿದಿರಿ. ಉಣ್ಣುವಾಗ ನಾನು ತಲೆಯೆತ್ತಿ ನೋಡಿದೆ. ತಮ್ಮ ಬೋಟಿನ ಮೇಲೆ ಸಾಲು ದೀಪಗಳು ಆರಿ ನಿಂತಿದ್ದವು, ಗಾಜು ಇನ್ನೂ ಬಿಸಿಯಾಗಿತ್ತು. ನಮಗಾಗಿ ಆರಿಸಿ ಬಂದಿದ್ದಿರಿ. ಆ ಗಂಜಿಯ ರುಚಿ ನನಗೆ ಇನ್ನೂ ನೆನಪಿದೆ, ಆ ದೀಪಗಳೂ ನೆನಪಿವೆ. ಎರಡನ್ನೂ ಒಂದೇ ಮನಸ್ಸಿನಲ್ಲಿ ಹೇಗೆ ಇಟ್ಟುಕೊಳ್ಳಲಿ ಎಂದು ಅಂದಿನಿಂದ ತಿಳಿದಿಲ್ಲ. ಬಲ್ಲವರಾದ ತಾವೇ ಹೇಳಿಕೊಡಬೇಕೆಂದು ಬೇಡುತ್ತೇನೆ.

ಕತ್ತಲೆಯ ಬಗ್ಗೆ ಎರಡು ಮಾತು. ತಮಗೆ ತಿಳಿಯದ್ದೇನಲ್ಲ, ತಮ್ಮ ತಂದೆಯವರೇ ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಅಮಾವಾಸ್ಯೆಯ ಆಚೀಚಿನ ರಾತ್ರಿಗಳೆಂದರೆ ಸಣ್ಣ ದೋಣಿಯವರಿಗೆ ಸುಗ್ಗಿ. ಕತ್ತಲಲ್ಲಿ ಮೀನಿಗೆ ಬಲೆ ಕಾಣುವುದಿಲ್ಲ, ಕಂತುಬಲೆಗೆ ಸರಿಯಾಗಿ ಬಂದು ಬೀಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ನೀರಿನಲ್ಲಿ ಕಲಕಿದಾಗ ಮಿನುಗುತ್ತವೆ. ಬೈಗೆಯ (ಬೂತಾಯಿಯ) ಹಿಂಡು ಸರಿದ ಕಡೆ ನೀರೇ ಹಾಲಿನಂತೆ ಬೆಳಗುತ್ತದೆ. ನನ್ನ ಅಪ್ಪಯ್ಯ ದೋಣಿಯ ಮೂತಿಯಲ್ಲಿ ಕೂತು, ಬೀಡಿಯನ್ನೂ ಹಚ್ಚದೆ, ಗಂಟೆಗಟ್ಟಲೆ ನೀರನ್ನೇ ನೋಡುತ್ತಿದ್ದರು. ಬೆಳಕಿನ ಬಣ್ಣ, ಅಗಲ, ಅದು ಸರಿಯುವ ವೇಗ ನೋಡಿ ಇದು ಬೈಗೆ, ಇದು ಬಂಗುಡೆ ಎಂದು ಹೇಳುತ್ತಿದ್ದರು. ಹತ್ತರಲ್ಲಿ ಎಂಟು ಸಲ ಸರಿಯಾಗಿರುತ್ತಿತ್ತು. ನನಗೆ ಹತ್ತರಲ್ಲಿ ಆರು. ನನ್ನ ಮಗನಿಗೆ ಕಲಿಸೋಣವೆಂದರೆ ಕತ್ತಲೆಯೇ ಉಳಿಯಲಿಲ್ಲ. ರಾತ್ರಿ ಹತ್ತು ಗಂಟೆಗೆ ನಮ್ಮ ಮನೆಯ ಅಂಗಳದಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಬಾನಂಚಿನಲ್ಲಿ ಊರೊಂದು ಹುಟ್ಟಿದ ಹಾಗೆ ಬೆಳಕು. ಅಲ್ಲಿ ಯಾವ ಊರೂ ಇಲ್ಲ. ಅಲ್ಲಿ ತಾವಿದ್ದೀರಿ.

ತಮ್ಮ ದೀಪದ ಕೆಲಸ ಹೇಗೆಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಜನರೇಟರ್ ಸದ್ದು ಮಾಡುತ್ತಿರುತ್ತದೆ, ಸಾವಿರಾರು ವಾಟ್ ಬೆಳಕು ನೀರಿಗೆ ಬೀಳುತ್ತದೆ, ಕೆಲವರು ದೀಪವನ್ನು ನೀರಿನೊಳಕ್ಕೇ ಇಳಿಸುತ್ತಾರೆ. ಮೊದಲು ಬರುವುದು ಸಣ್ಣ ಹುಳುಹುಪ್ಪಟೆ. ಅದನ್ನು ತಿನ್ನಲು ಮರಿಮೀನು. ಮರಿಯನ್ನು ತಿನ್ನಲು ಬಂಗುಡೆ, ಬೊಂಡಾಸ್, ಅದರ ಹಿಂದೆ ದೊಡ್ಡ ಮೀನು. ಎಲ್ಲೆಲ್ಲೋ ಹರಡಿಕೊಂಡು ಬದುಕುವ ಇಡೀ ಸಂಸಾರ ಒಂದು ದೀಪದ ಕೆಳಗೆ ಬಂದು ಸುತ್ತುತ್ತಿರುತ್ತದೆ. ಆಗ ಸುತ್ತಲೂ ಬಲೆ ಬಿಟ್ಟು, ಅಡಿಯ ಹಗ್ಗ ಬಿಗಿದುಬಿಟ್ಟರೆ ಮೊಟ್ಟೆ ಹೊತ್ತದ್ದು, ಮೊಟ್ಟೆಯೊಡೆದು ಬಂದದ್ದು, ಯಾವುದೂ ಉಳಿಯುವುದಿಲ್ಲ. ಪಕ್ಕದ ಕೇರಳದಲ್ಲಿ ಬಂಗುಡೆಗೆ ಕನಿಷ್ಠ 14 ಸೆಂಟಿಮೀಟರ್, ಬೈಗೆಗೆ 10 ಸೆಂಟಿಮೀಟರ್ ಎಂದು ಅಳತೆ ಇಟ್ಟಿದ್ದಾರೆ. ತಮ್ಮ ದೀಪದಡಿ ಬಂದ ರಾಶಿಯಲ್ಲಿ ನನ್ನ ಹೆಬ್ಬೆರಳಿಗಿಂತ ಸಣ್ಣದನ್ನು ಬುಟ್ಟಿಗಟ್ಟಲೆ ನೋಡಿದ್ದೇನೆ. ಅವು ಮನುಷ್ಯರ ಅನ್ನದ ತಟ್ಟೆಗೆ ಬರುವುದಿಲ್ಲ. ಫಿಶ್‌ಮೀಲ್ ಕಾರ್ಖಾನೆಯ ಲಾರಿಗೆ ಹೋಗುತ್ತವೆ.

ಕಾನೂನಿನ ಮಾತೆತ್ತಿ ತಮ್ಮಂಥ ದೊಡ್ಡವರನ್ನು ಮುಜುಗರಪಡಿಸಲು ಇಷ್ಟವಿಲ್ಲ. ಆದರೂ ದಿನಾಂಕ ಬರೆದಿಡುತ್ತೇನೆ: 2017ರ ನವೆಂಬರ್ 10. ಬೆಳಕಿನ ಮೀನುಗಾರಿಕೆಯನ್ನೂ ಎರಡು ಬೋಟು ಸೇರಿ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರಕಾರ ನಿಷೇಧಿಸಿದ್ದು ಅಂದು. ಅದಕ್ಕಿಂತ ಮೊದಲು ದೀಪಕ್ಕೆ ಹಣ ಸುರಿದವರ ಸಂಕಟ ನನಗೆ ಅರ್ಥವಾಗುತ್ತದೆ. ಆಮೇಲೂ ಹೊಸ ದೀಪ ತಂದವರ ಧೈರ್ಯ ಅರ್ಥವಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಮಳೆಗಾಲದ ರಜೆಯನ್ನು ತಾವು ಚಾಚೂ ತಪ್ಪದೆ ಪಾಲಿಸುತ್ತೀರಿ. ಬೋಟು ದಕ್ಕೆಯಲ್ಲಿ ಕಟ್ಟಿ, ಬಲೆ ಹೊಲಿಸಿ, ದೇವರಿಗೆ ಹೂವು ಹಾಕುತ್ತೀರಿ. ಆ 61 ದಿನ ಮೀನಿಗೆ ಮೊಟ್ಟೆಯಿಡಲು ಬಿಟ್ಟದ್ದಕ್ಕೆ ಕೈ ಮುಗಿಯುತ್ತೇನೆ. ಹುಟ್ಟಿದ ಮರಿ ಬೆಳೆಯಲು ಉಳಿದ 304 ದಿನಗಳಲ್ಲಿ ಕತ್ತಲೆಯ ರಾತ್ರಿಗಳನ್ನಾದರೂ ಬಿಡಬೇಕೆಂದು ಮೀನಿನ ಪರವಾಗಿ ಕೇಳುವವರು ಯಾರು? ದೋಣಿ ಇಲ್ಲದ ನನಗೆ ಈಗ ಸ್ವಂತ ಲಾಭವಿಲ್ಲ. ಆದ್ದರಿಂದ ನಾನೇ ಕೇಳುತ್ತಿದ್ದೇನೆ.

ತಾವು ಹಿಂದೊಮ್ಮೆ ಸಂಘದ ಸಭೆಯಲ್ಲಿ ನನಗೆ ಕೊಟ್ಟ ಉತ್ತರ ಚೆನ್ನಾಗಿತ್ತು. "ಪರ್ಸೀನ್ ಬಂದಾಗಲೂ ನಿಮ್ಮ ಹಿರಿಯರು ಹೀಗೇ ಕೂಗಿದರು. ಆಮೇಲೆ ಅವರ ಮಕ್ಕಳೇ ಪರ್ಸೀನ್ ಬೋಟು ಕಟ್ಟಲಿಲ್ಲವೆ?" ಎಂದಿರಿ. ನಿಜ. ಎಪ್ಪತ್ತರ ದಶಕದ ನಡುವೆ, ಮೀನನ್ನು ಸುತ್ತುವರಿದು ಅಡಿ ಬಿಗಿಯುವ ಪರ್ಸೀನ್ ಬಲೆ ನಮ್ಮ ಕರಾವಳಿಗೆ ಬಂದಾಗ ನನಗೆ ಹದಿನಾಲ್ಕು ವರ್ಷ. ರಂಪಣಿಯವರು ದಂಡೆಯಲ್ಲಿ ಗುಂಪು ಕೂಡಿ ಕೂಗಿದ್ದನ್ನು ಕಂಡಿದ್ದೇನೆ. ಕೂಗಿದವರು ಸೋತರು ಎಂಬುದೂ ನಿಜ. ಆದರೆ ಸೋತದ್ದರಲ್ಲಿ ಏನು ಹೋಯಿತು ಎಂಬುದನ್ನೂ ಹೇಳಬೇಕಲ್ಲ. ರಂಪಣಿ ಎಂದರೆ ದಂಡೆಯಿಂದ ಕಡಲಿಗೆ ಬಿಟ್ಟು ಮತ್ತೆ ದಂಡೆಗೇ ಎಳೆಯುವ ಬಲೆ. ಎಳೆಯಲು ನೂರಾಳು ಬೇಕು. ಮುದುಕರು, ಹುಡುಗರು, ದಾರಿಯಲ್ಲಿ ಹೋಗುತ್ತಿದ್ದವರು ಯಾರೇ ಬಂದು ಹಗ್ಗ ಹಿಡಿದರೂ ಪಾಲು. ಶಾಲೆಯಿಂದ ಬರುವಾಗ ಚೀಲ ಮರಳಿನ ಮೇಲೆಸೆದು ಹಗ್ಗ ಹಿಡಿದು, ಸಂಜೆ ಬಾಳೆಲೆಯಲ್ಲಿ ಹತ್ತು ಬಂಗುಡೆ ಕಟ್ಟಿಕೊಂಡು ಮನೆಗೆ ಹೋದವನು ನಾನು. ನನ್ನ ಜೀವನದ ಮೊದಲ ಸಂಪಾದನೆ ಅದು. ಗಂಡನಿಲ್ಲದ ಹೆಂಗಸಿನ ಪಾಲನ್ನು ಗುರಿಕಾರರು ಮೊದಲು ಎತ್ತಿಡುತ್ತಿದ್ದರು.

ರಂಪಣಿ ಹೋಗಿ ಪರ್ಸೀನ್ ಬಂದಾಗ ನೂರು ಪಾಲು ಮೂವತ್ತಾಯಿತು. ಆದರೂ ಆ ಬೋಟಿನವರು ಹಗಲು ಮೀನು ಹುಡುಕುತ್ತಿದ್ದರು, ಸಿಗದೆ ಬರಿಗೈಯಲ್ಲಿ ಬರುತ್ತಿದ್ದರು. ಹುಡುಕುವುದರಲ್ಲಿ ಮೀನಿಗೂ ತಪ್ಪಿಸಿಕೊಳ್ಳಲು ಒಂದು ದಾರಿ ಇತ್ತು, ನಮಗೂ ಒಂದು ಪಾಲು ಉಳಿಯುತ್ತಿತ್ತು. ದೀಪದಲ್ಲಿ ಹುಡುಕುವುದೇ ಇಲ್ಲ. ಮೂರು ತಲೆಮಾರಿನ ಮೀನುಗಾರಿಕೆಯನ್ನು ಕಂಡವನು ನಾನು. ಹೊಸತೆಲ್ಲವೂ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹುಟ್ಟು ಬಿಟ್ಟು ಇಂಜಿನ್ ಹಾಕಿದವನು ನಾನೇ. ನೈಲಾನ್ ಬಲೆ ತಂದವನೂ ನಾನೇ. ಇದೊಂದು ಮಾತ್ರ ಬೇರೆ ಜಾತಿಯದ್ದು.

ಮೀನು ಕಡಿಮೆಯಾದದ್ದಕ್ಕೆಲ್ಲ ತಾವೇ ಕಾರಣ ಎಂದರೆ ನನ್ನ ನಾಲಿಗೆ ಸುಳ್ಳಾಡಿದಂತೆ. ಕಡಲು ಬಿಸಿಯಾಗಿದೆ, ಎಲ್ ನಿನೋ ಬಂದ ವರ್ಷಗಳಲ್ಲಿ ಬೈಗೆ ಮರಿ ಹಿಡಿಯುವುದಿಲ್ಲ ಎಂದು ವಿಜ್ಞಾನಿಗಳು ಹೇಳುತ್ತಾರೆ, ನಾನು ಒಪ್ಪುತ್ತೇನೆ. 2012ರಲ್ಲಿ ಸುಮಾರು 4 ಲಕ್ಷ ಟನ್ ಬೈಗೆ ಹಿಡಿದಿದ್ದ ಕೇರಳಕ್ಕೆ 2021ರಲ್ಲಿ ಸಿಕ್ಕಿದ್ದು 3,297 ಟನ್. ಅಷ್ಟೂ ತಮ್ಮ ದೀಪದಿಂದ ಆದದ್ದಲ್ಲ. ಆದರೆ ಕಾಯಿಲೆಯಿಂದ ಎದ್ದೇಳಲು ಒದ್ದಾಡುತ್ತಿರುವ ಮನೆಯ ಕದವನ್ನು ರಾತ್ರಿ ಬಡಿದು, ಒಳಗಿದ್ದ ಮಕ್ಕಳನ್ನು ಹೊರಗೆ ಕರೆಯುವುದು ನೆರೆಯವರು ಮಾಡುವ ಕೆಲಸವೆ?

ನಾನು ಯಾಕೆ ಮಾರಿದೆ ಎಂದು ಈಗ ಹೇಳಿಬಿಡುತ್ತೇನೆ. ಕೊನೆಯ ವರ್ಷ ದಿನಕ್ಕೆ ಸೀಮೆಎಣ್ಣೆ, ಪೆಟ್ರೋಲು, ಊಟ ಎಲ್ಲ ಸೇರಿ 2,200 ರೂಪಾಯಿ ಖರ್ಚು. ಜನವರಿಯಲ್ಲಿ ಹದಿನೇಳು ದಿನ ಹೋದೆ. ಹನ್ನೊಂದು ದಿನ ಖರ್ಚೂ ಹುಟ್ಟಲಿಲ್ಲ. ಒಂದು ದಿನ ನಾಲ್ಕು ಕಿಲೋ ಮೀನು ತಂದು ನಾಲ್ಕು ಜನ ಹಂಚಿಕೊಂಡೆವು, ಮಾರಲು ಏನೂ ಉಳಿಯಲಿಲ್ಲ. ನನ್ನ ಹೆಂಡತಿ ಮೂವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವಳು. ಆ ವರ್ಷ ಅವಳು ದಕ್ಕೆಗೆ ಹೋಗಿ ತಮ್ಮ ಬೋಟಿನ ಮೀನನ್ನೇ ಏಲಂನಲ್ಲಿ ಕೊಂಡು ತಂದು ಮನೆಮನೆಗೆ ಮಾರಿದಳು. ನನ್ನ ದೋಣಿಯಲ್ಲಿ ದುಡಿಯುತ್ತಿದ್ದ ಮೂವರು ಹುಡುಗರಲ್ಲಿ ಒಬ್ಬ ಮುಂಬಯಿಯ ಕ್ಯಾಂಟೀನಿಗೆ ಹೋದ, ಒಬ್ಬ ಬೆಂಗಳೂರಿಗೆ. ಮೂರನೆಯವನು ತಮ್ಮ ಬೋಟಿಗೇ ಬಂದಿದ್ದಾನೆ. ಅವನಿಗೆ ಸರಿಯಾಗಿ ಪಾಲು ಕೊಡುತ್ತಿದ್ದೀರಿ, ಮದುವೆಗೆ ಮುಂಗಡ ಕೊಟ್ಟಿರಿ ಎಂದು ಕೇಳಿದ್ದೇನೆ. ತಮ್ಮ ಈ ಔದಾರ್ಯವನ್ನು ಮರೆಯಲಾರೆ. ಅವನು ಮಾತ್ರ ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ.

ಇದೆಲ್ಲ ಆಗುವುದಕ್ಕೆ ಮುಂಚೆ ನಾವೆಲ್ಲ ಒಂದೇ ಸಾಲಿನಲ್ಲಿ ನಡೆದವರು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಜನ ಮೀನುಗಾರರ ಸಮೇತ ಕಾಣೆಯಾಯಿತು. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಮಲ್ಪೆಯಿಂದ ಉಡುಪಿಯವರೆಗೆ ನಡೆದು ಹೆದ್ದಾರಿಯಲ್ಲಿ ಕೂತರು. ನಾಡದೋಣಿಯವರು, ಟ್ರಾಲ್‌ಬೋಟಿನವರು, ಪರ್ಸೀನಿನವರು ಎಂಬ ಭೇದ ಅಂದು ಯಾರ ಬಾಯಲ್ಲೂ ಬರಲಿಲ್ಲ. ಹೋದ ಏಳು ಜನರಲ್ಲಿ ನನಗೆ ಒಬ್ಬರ ಪರಿಚಯವೂ ಇರಲಿಲ್ಲ, ತಮಗೂ ಇರಲಿಲ್ಲ. ಆದರೂ ಬಿಸಿಲಲ್ಲಿ ನನ್ನ ಪಕ್ಕವೇ ನಡೆದಿರಿ, ನೀರಿನ ಬಾಟಲಿಯನ್ನು ಮೊದಲು ನನಗೆ ಕೊಟ್ಟಿರಿ. ಆ ಬೋಟಿನ ಅವಶೇಷ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲವಣದ ಕಡೆ ಕಡಲಿನಲ್ಲಿ ಸಿಕ್ಕಿತೆಂದು ಸುದ್ದಿ ಬಂದ ರಾತ್ರಿ ತಾವೇ ಫೋನು ಮಾಡಿದಿರಿ. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ, ಫೋನು ಇಡಲೂ ಇಲ್ಲ.

ಹಾಗೆ ನಡೆದವರ ನಡುವೆ ಈಗ ಏನಾಗಿದೆ ನೋಡಿ. ನೂಲ ಹುಣ್ಣಿಮೆಯ ಸಮುದ್ರಪೂಜೆಗೆ ನಾಡದೋಣಿಯವರು ಒಂದು ಕಡೆ ನಿಲ್ಲುತ್ತೇವೆ, ತಾವು ಇನ್ನೊಂದು ಕಡೆ. ಹಾಲೆರೆಯುವುದು ಒಂದೇ ಕಡಲಿಗೆ. ಬೆಳಕಿನ ಮೀನುಗಾರಿಕೆ ಬೇಡವೆಂದು ಆಮೇಲೊಮ್ಮೆ ಹೆದ್ದಾರಿಯಲ್ಲಿ ಕೂತು ತಮ್ಮ ವಿರುದ್ಧ ಕೂಗಿದವರಲ್ಲಿ ನಾನೂ ಇದ್ದೆ, ಮುಚ್ಚಿಡುವುದಿಲ್ಲ. ಕೂಗುವಾಗ ತಮ್ಮ ತಂದೆಯವರ ಮುಖ ಕಣ್ಣಿಗೆ ಬಂದು ಗಂಟಲು ಕಟ್ಟಿತು.

ಕೊನೆಯ ಸಂಗತಿಗೆ ಬರುತ್ತೇನೆ. ಮೊನ್ನೆ ಹೊಳೆಬದಿಯ ದಕ್ಕೆಗೆ ಬಲೆಯ ತುಂಡೊಂದನ್ನು ಕೇಳಲು ಹೋಗಿದ್ದೆ, ಮನೆಯ ಬಾಳೆಗಿಡಕ್ಕೆ ಬೇಲಿ ಕಟ್ಟಲೆಂದು. ಅಲ್ಲಿ ಜಲಜಾಕ್ಷಿ ನಿಂತಿದ್ದಳು. ಅವಳ ಮೈಗೆ ಹೊಸ ನೀಲಿ ಬಣ್ಣ. ನನ್ನ ಅಪ್ಪಯ್ಯ ಕೂರುತ್ತಿದ್ದ ಮೂತಿಯಲ್ಲಿ ಕಬ್ಬಿಣದ ಪೈಪಿನ ಚೌಕಟ್ಟು, ಅದರ ತುಂಬ ದೀಪ. ಬಲೆ ಸುರುಳಿ ಸುತ್ತಿಡುತ್ತಿದ್ದ ಜಾಗದಲ್ಲಿ ಜನರೇಟರ್. ರಾತ್ರಿ ಅವಳನ್ನು ಮೊದಲು ಕಳಿಸಿ, ದೀಪ ಹಚ್ಚಿ ನಿಲ್ಲಿಸಿ, ಮೀನು ಕೂಡಿದ ಮೇಲೆ ತಮ್ಮ ದೊಡ್ಡ ಬೋಟು ಬಂದು ಸುತ್ತುವರಿಯುತ್ತದೆ ಎಂದು ಅಲ್ಲಿದ್ದ ಹುಡುಗ ಹೇಳಿದ. ಪೈಪು ಕೂರಿಸಲು ಹೆಬ್ಬಲಸಿನ ಹಲಗೆಗೆ ನಾಲ್ಕು ತೂತು ಕೊರೆದಿದ್ದಾರೆ. ಮೂತಿಯ ಬದಿಯಲ್ಲಿ ಅಜ್ಜಿಯ ಹೆಸರು ಹಾಗೆಯೇ ಇದೆ. ಅಕ್ಷರಗಳಿಗೆ ಮತ್ತೆ ಹಳದಿ ಬಣ್ಣ ಹೊಡೆಸಿದ್ದೀರಿ. "ಹೆಸರು ಅಳಿಸುವುದಿಲ್ಲ" ಎಂದು ಜಗಲಿಯಲ್ಲಿ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದೀರಿ.

ನೋಡಿದವರು ಹೇಳಿದರು, ಹೆಸರನ್ನಾದರೂ ಅಳಿಸಲು ಕೇಳು ಎಂದು. ಅದನ್ನು ನಾನು ಕೇಳುವುದಿಲ್ಲ. ಹೆಸರು ಅಳಿಸಿದರೆ ನನಗೆ ಕಾಣುವ ನೋವು ಕಡಿಮೆಯಾಗುತ್ತದೆ, ಮೀನಿಗೆ ಏನೂ ಕಡಿಮೆಯಾಗುವುದಿಲ್ಲ.

ಮಾರಿದ ವಸ್ತುವಿನ ಮೇಲೆ ಮಾರಿದವನಿಗೆ ಹಕ್ಕಿಲ್ಲ. ಅದು ನನಗೆ ಗೊತ್ತು, ಆದ್ದರಿಂದ ಇದು ಹಕ್ಕಿನ ಮಾತಲ್ಲ. ತಮ್ಮ ತಂದೆಯವರು ತಿರುಗಿ ಬಂದದ್ದೂ ಹಕ್ಕಿನ ಮಾತಾಗಿರಲಿಲ್ಲ. ಅಂದು ನಾನು ಹುಟ್ಟಿಗೆ ಅಂಗಿ ಕಟ್ಟಿ ಎತ್ತಿದ್ದೆ. ಈ ಕಾಗದವನ್ನೂ ಹಾಗೆಯೇ ಎತ್ತಿ ಹಿಡಿದಿದ್ದೇನೆ ಎಂದು ತಿಳಿಯಬೇಕು.

ಕಾಗದಪತ್ರ ತಮ್ಮ ಹೆಸರಿಗೆ ವರ್ಗವಾಗಿದೆ. ಬಾಕಿ 40,000 ರೂಪಾಯಿಯನ್ನು ಬರುವ ವಾರ ಕಳಿಸುತ್ತೇನೆಂದು ಹೇಳಿ ಕಳಿಸಿದ್ದೀರಿ. ದಯವಿಟ್ಟು ಕಳಿಸಬೇಡಿ. ಆ ಹಣದಲ್ಲಿ ಚೌಕಟ್ಟನ್ನು ಬಿಚ್ಚಿಸಿ, ನಾಲ್ಕು ತೂತುಗಳನ್ನು ಮುಚ್ಚಿಸಿ, ಅವಳನ್ನು ಕಂತುಬಲೆಗೆ ಕಳಿಸಿ. ಬಿಚ್ಚುವ ಕೆಲಸಕ್ಕೆ ನಾನೇ ಬರುತ್ತೇನೆ, ಸ್ಪ್ಯಾನರ್ ನನ್ನಲ್ಲಿದೆ. ಕತ್ತಲಲ್ಲಿ ನೀರು ನೋಡಲು ಗೊತ್ತಿರುವವನು ಬೇಕೆಂದರೆ ಸಂಬಳವಿಲ್ಲದೆ ಮೂತಿಯಲ್ಲಿ ಕೂರುತ್ತೇನೆ. ತಮ್ಮ ಬೋಟಿನ ಹುಡುಗರಿಗೂ ಕಲಿಸುತ್ತೇನೆ. ದೊಡ್ಡ ಬೋಟಿನ ದೀಪಗಳ ಮಾತನ್ನು ತಾವೂ ತಮ್ಮಂಥ ಉಳಿದ ಮಾಲೀಕರೂ ಕೂತು ತೀರ್ಮಾನಿಸಿ. ಅಲ್ಲಿಗೆ ಕರೆದರೆ ಬಂದು ಕೈ ಮುಗಿದು ಹೇಳುತ್ತೇನೆ.

ನಾಡಿದ್ದು ಅಮಾವಾಸ್ಯೆ. ಆ ಒಂದು ರಾತ್ರಿಯಿಂದ ಶುರುವಾಗಲಿ. ಜಲಜಾಕ್ಷಿಯ ಮೇಲೆ ದೀಪ ಹಚ್ಚಬೇಡಿ.

ಇಂತಿ,
ತಮ್ಮ ತಂದೆಯವರ ಹಗ್ಗ ಹಿಡಿದು ದಂಡೆ ಸೇರಿದವ